ಮನೆಮಾತಿನಲ್ಲಿ ಭೂಮಿಯ ಕಾವು

ಶಾಲೆಯೊಂದು ನೂರು ವರ್ಷ ತುಂಬಿದಾಗ ಕಟ್ಟಡ, ದಾನಿಗಳು, ಫಲಿತಾಂಶಗಳು ಮೊದಲು ನೆನಪಾಗುತ್ತವೆ. ತರಗತಿಯಲ್ಲಿ ಮಕ್ಕಳು ಕಲಿತ ವಿಜ್ಞಾನ ಯಾವ ಮಾತಿನಲ್ಲಿ ಮನೆ ಸೇರಿತು ಎಂಬುದನ್ನೂ ನಾವು ಕೇಳಿಕೊಳ್ಳಬೇಕು. ಈ ಪ್ರಶ್ನೆಗೆ ಗಡಿಯಾಚೆಯ ಒಂದು ಊರು ಕನ್ನಡಿ ಹಿಡಿಯುತ್ತದೆ.

ತಮಿಳುನಾಡಿನ ತೇನಿ ಜಿಲ್ಲೆಯ ಓಡೈಪಟ್ಟಿ ಬೀಜರಹಿತ ದ್ರಾಕ್ಷಿಗೆ ಹೆಸರಾದ ಊರು. ಅದಿರುವ ಕಂಬಂ ಕಣಿವೆಯ ಸೀಮೆಗೆ ಶತಮಾನಗಳ ಹಿಂದೆ ವಲಸೆ ಹೋದ ಕಪ್ಪಿಲಿಯ ಒಕ್ಕಲಿಗರ ಮನೆಗಳಲ್ಲಿ ಕನ್ನಡ ಇಂದಿಗೂ ಉಳಿದಿದೆ. ಓದುಬರಹ ಮಾತ್ರ ತಮಿಳಿನದು. ಘಟ್ಟದ ಮಳೆನೆರಳಿನ ಈ ಕಣಿವೆಗೆ 1895ರಲ್ಲಿ, ಪೆನ್ನಿಕ್ವಿಕ್ ಕಟ್ಟಿಸಿದ ಪೆರಿಯಾರ್ ಅಣೆಕಟ್ಟೆಯ ನೀರು ಸುರಂಗದ ಮೂಲಕ ಹರಿದು ಬಂತು. ಮರುವರ್ಷವೇ ಸ್ವೀಡನ್ನಿನ ಅರ್ಹೇನಿಯಸ್, ವಾಯುಮಂಡಲದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಭೂಮಿ ಎಷ್ಟು ಕಾಯಬಹುದೆಂದು ಲೆಕ್ಕ ಹಾಕಿದನು.

ಪ್ರೌಢಶಾಲೆಯ ಮಕ್ಕಳಲ್ಲಿ ಎರಡು ತಪ್ಪು ಕಲ್ಪನೆಗಳು ಸಾಮಾನ್ಯ: ಓಝೋನ್ ಪದರದ ರಂಧ್ರದಿಂದ ಭೂಮಿ ಬಿಸಿಯಾಗುತ್ತಿದೆ ಎಂಬುದು ಒಂದು, ಸೂರ್ಯನೇ ಹೆಚ್ಚು ಸುಡುತ್ತಿದ್ದಾನೆ ಎಂಬುದು ಇನ್ನೊಂದು. ಓಝೋನ್ ತಡೆಯುವುದು ಅತಿನೇರಳೆ ಕಿರಣಗಳನ್ನು. ಭೂಮಿ ಹೊರಸೂಸುವ ಶಾಖವನ್ನು ಹಿಡಿದಿಡುವುದರಲ್ಲಿ ಇಂಗಾಲದ ಡೈಆಕ್ಸೈಡಿನ ಪಾಲು ದೊಡ್ಡದು. ಎರಡನೆಯದಕ್ಕೆ ಉತ್ತರ ಕೊಡುವ ದಾರಿ ನೆರೆಯ ದಿಂಡಿಗಲ್ ಜಿಲ್ಲೆಯಲ್ಲೇ ಇದೆ. ಅಲ್ಲಿನ ಕೊಡೈಕನಾಲ್ ವೀಕ್ಷಣಾಲಯವು 1904ರಿಂದ ಸೂರ್ಯನ ಚಿತ್ರಗಳನ್ನು ತೆಗೆದಿರಿಸಿದೆ. ಸೂರ್ಯನ ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಏರಿ ಇಳಿಯುತ್ತವೆ. 1978ರಿಂದ ನಡೆದಿರುವ ಉಪಗ್ರಹಗಳ ಅಳತೆಯಲ್ಲಿ ಸೂರ್ಯನ ತಾಪವು ಏರುತ್ತ ಹೋದ ಕುರುಹಿಲ್ಲ. ಭೂಮಿಯ ಕಾವು ಮಾತ್ರ ಏರಿದೆ. ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ಹತ್ತು ಲಕ್ಷಕ್ಕೆ ಸುಮಾರು 315 ಭಾಗವಿದ್ದ ಇಂಗಾಲದ ಡೈಆಕ್ಸೈಡ್ ಈಗ 420ನ್ನು ದಾಟಿದೆ.

ಇಂಥ ವಿಚಾರಗಳನ್ನು ಹೇಳಬಲ್ಲ ಕನ್ನಡ ತಾನಾಗಿ ಒದಗಿದ್ದಲ್ಲ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿದರು. ಮುಂದೆ ಶಿವರಾಮ ಕಾರಂತರ ‘ಬಾಲ ಪ್ರಪಂಚ’ವೂ ‘ಬಾಲವಿಜ್ಞಾನ’ ಮಾಸಿಕವೂ ಮಕ್ಕಳ ಕೈ ಸೇರಿದವು. ನಮ್ಮ ಪಾಠಗಳ ಪದಗಳ ಹಿಂದೆ ಈ ಹಿರಿಯರ ದುಡಿಮೆಯಿದೆ.

ಓಡೈಪಟ್ಟಿಯ ಸೀಮೆಯ ಕನ್ನಡದ ಮನೆಗಳಲ್ಲಿ ಶಾಲೆಯ ಪದ ಒಂದು ಭಾಷೆಯದು, ಅಜ್ಜಿಯ ಮಾತು ಇನ್ನೊಂದು ಭಾಷೆಯದು. ನಡುವಿನ ಸೇತುವೆಯನ್ನು ಮಗುವೇ ಕಟ್ಟಬೇಕು. ನಮ್ಮ ಮಕ್ಕಳಿಗೆ ಆ ಶ್ರಮವಿಲ್ಲ. ಆದರೂ ಪರೀಕ್ಷೆಗೆ ಬರೆದದ್ದನ್ನು ಅವರು ಮನೆಯಲ್ಲಿ ಹೇಳದೆ ಹೋದರೆ, ದೊರೆತ ಸೌಕರ್ಯ ವ್ಯರ್ಥವಾಗುತ್ತದೆ. ಒಂದು ವರ್ಷ ಮಳೆ ತಪ್ಪಿದ್ದು ಹವೆಯ ಏರುಪೇರು, ಹತ್ತಾರು ವರ್ಷಗಳ ಸರಾಸರಿ ಬದಲಾದದ್ದು ವಾಯುಗುಣದ ಬದಲಾವಣೆ ಎಂದು ಹೊಲದ ಬದುವಿನಲ್ಲಿ ನಿಂತು ತಾತನಿಗೆ ತಿಳಿಹೇಳಬಲ್ಲ ಮಗುವೇ ವಿಜ್ಞಾನ ಕಲಿತ ಮಗು. ಎರಡನೆಯ ಶತಮಾನಕ್ಕೆ ಕಾಲಿಡುವ ಶಾಲೆಯಿಂದ ಪಾಲಕರಾದ ನಾವೂ ಅಧ್ಯಾಪಕರಾದ ನಾವೂ ಕೇಳಬೇಕಾದದ್ದು ಇಂಥ ಮಕ್ಕಳನ್ನೇ.