ಮೆಟ್ಟುಕತ್ತಿ ಮಸೆಯೋದು ಯಾವಾಗ, ಬದಲಾಯಿಸೋದು ಯಾವಾಗ?

ನಮ್ಮ ಮೂಡಿಗೆರೆ ಕಡೆ ಹಿಂದೆ ಮೆಟ್ಟುಕತ್ತಿ ಅಂದ್ರೆ ಕುಲುಮೆದೇ. ನಮ್ಮದೇ ಜಿಲ್ಲೆಯ ಕೆಮ್ಮಣ್ಣುಗುಂಡಿ ಅದಿರು 1923ರಿಂದ ಭದ್ರಾವತಿಯಲ್ಲಿ ಕರಗಿ ಕಬ್ಬಿಣ ಆಗ್ತಿತ್ತು. ತುಕ್ಕು ಹಿಡಿಯದ ಸ್ಟೀಲನ್ನ 1913ರಲ್ಲೇ ಇಂಗ್ಲೆಂಡಿನ ಶೆಫೀಲ್ಡಲ್ಲಿ ಹ್ಯಾರಿ ಬ್ರಿಯರ್ಲಿ ಮಾಡಿದ್ರೂ, ಅದು ನಮ್ಮ ಅಡುಗೆಮನೆಗೆ ಬಂದಿದ್ದು ಬಹಳ ತಡವಾಗಿ.

ಕುಲುಮೆ ಕತ್ತಿಗೆ ಮಳೆಗಾಲದಲ್ಲಿ ತುಕ್ಕು ಬೇಗ. ಒರೆಸಿ ಕೊಬ್ಬರಿ ಎಣ್ಣೆ ಸವರಿಡ್ಬೇಕು. ಆದ್ರೆ ಮಸೆಗಲ್ಲಿಗೆ ನಾಕು ಸಲ ಎಳೆದ್ರೆ ಸಾಕು, ಬಾಯಿ ಬರುತ್ತೆ. ಸ್ಟೀಲಿಗೆ ಹೆಚ್ಚು ಹೊತ್ತು ಬೇಕು.

ಮಸೆಯೋಕೆ ವಾರದ ಲೆಕ್ಕ ಬೇಡ. ಟೊಮೇಟೊ ಸಿಪ್ಪೆ ಮೇಲೆ ಅಲಗು ಜಾರಿದ್ರೆ ಅವತ್ತೇ ಮಸೀರಿ. ಮೊಂಡು ಕತ್ತಿಗೇ ನಾವು ಜಾಸ್ತಿ ಒತ್ತೋದು, ಕೈ ಕುಯ್ಯೋದೂ ಅದೇ. ಬಾಯಿ ಮುಕ್ಕಾದ್ರೆ ಆಚಾರ್ರ ಹತ್ರ ಹಣಿಸಿ. ಹಣಿಸಿದ್ಮೇಲೂ ಎರಡೇ ದಿನಕ್ಕೆ ಮೊಂಡಾದ್ರೆ, ಅಲಗು ಅಲುಗಾಡಿದ್ರೆ ಬೇರೆ ತನ್ನಿ ಅಕ್ಕಂದಿರಾ.