ಕೆಂಪಾದ ಕಡಲು

ಉಮ್ಮ ‘ಚೆಮ್ಮೀನ್’ ನೋಡಿದ್ದು ಕಾಸರಗೋಡಿನ ಟಾಕೀಸಿನಲ್ಲಿ. ನಾನು ನೋಡಿದ್ದು ಮನೆಯ ವಿಸಿಡಿಯಲ್ಲಿ. “ಕಡಲು ಹೀಗೆ ಕೆಂಪಗಿರಲಿಲ್ಲ ಮೋನೆ” ಎಂದರು. ಅವರ ಮಾತು ನಿಜ. ರಾಮು ಕಾರ್ಯಾಟ್ ನಿರ್ದೇಶಿಸಿದ 1965ರ ಈ ಚಿತ್ರವನ್ನು ಮಾರ್ಕಸ್ ಬಾರ್ಟ್ಲಿ ಈಸ್ಟ್‌ಮನ್ ಕಲರಿನಲ್ಲಿ ಚಿತ್ರೀಕರಿಸಿದ್ದರು. ಆ ಕಾಲದ ಪ್ರಿಂಟುಗಳಲ್ಲಿ ನೀಲಿ-ಹಸಿರು ಬೇಗ ಮಾಸಿ, ಕೆಂಪು ಛಾಯೆ ಉಳಿಯುತ್ತದೆ. ಮೇಲಾಗಿ ವಿಸಿಡಿಯಲ್ಲಿ ಇದ್ದದ್ದೇ 352×288 ಪಿಕ್ಸೆಲ್. ಅಲೆ ಎದ್ದಾಗಲೆಲ್ಲ ಚಿತ್ರ ಚೌಕ ಚೌಕವಾಗಿ ಒಡೆಯುತ್ತಿತ್ತು.

ಹಳೆಯ ಚಿತ್ರಗಳ ಹೊಸ ‘ಶುದ್ಧ’ ಪ್ರತಿಗಳಲ್ಲಿ ಇನ್ನೊಂದು ತೊಂದರೆ. ಫಿಲ್ಮಿನ ಸಹಜ ಕಣಗಳನ್ನು ಕಂಪ್ಯೂಟರಿನಲ್ಲಿ ಅತಿಯಾಗಿ ಅಳಿಸಿದರೆ ಮುಖದ ಸುಕ್ಕೂ ಹೋಗಿ, ಮನುಷ್ಯರು ಮೇಣದ ಬೊಂಬೆಗಳಂತೆ ಕಾಣುತ್ತಾರೆ.

ಸರಿಯಾದ ದುರಸ್ತಿಗೆ ಮೂಲ ನೆಗೆಟಿವ್ ಬೇಕು. ಅಂದು ಕಂಡವರ ನೆನಪೂ ಬೇಕು. ನಿಮ್ಮ ಮನೆಯ ಹಿರಿಯರನ್ನೂ ಕೇಳಿ, ಬರೆದಿಡಿ. ಉಮ್ಮನ ಕಡಲು ನೀಲಿಯಾಗಿತ್ತು.