ಮಾರಿಯ ಇಲಿ, ಮದ್ದಿನ ಇಲಿ

ಬೆಂಗಳೂರಿನ ಮಲ್ಲೇಶ್ವರದ ಸಂಪಿಗೆ ರಸ್ತೆಯ ಏಳಿಗೆಗೂ ಇಲಿಗೂ ಸಂಬಂಧವುಂಟೆಂದರೆ ಇಂದಿನವರು ನಕ್ಕಾರು. ಆ ಬಡಾವಣೆಯ ಚರಿತ್ರೆಯನ್ನು ಬಲ್ಲವರು ನಗಲಾರರು. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಮನೆಯಲ್ಲಿ ಇಲಿ ಬಿದ್ದಿತೆಂದರೆ ಜನರು ಹಾಸಿಗೆ ಪಾತ್ರೆಗಳನ್ನು ಕಟ್ಟಿಕೊಂಡು ಊರಾಚೆಯ ಬಯಲಿಗೆ ಹೊರಡುತ್ತಿದ್ದರು. ಕೆಲವೇ ವರ್ಷಗಳ ಮುಂಚೆ ರೂಪುಗೊಂಡಿದ್ದ ಮಲ್ಲೇಶ್ವರ, ಬಸವನಗುಡಿಗಳು ಪೇಟೆಯ ಇಕ್ಕಟ್ಟಿನಿಂದ ಹೊರಬಿದ್ದವರಿಗೆ ಆಶ್ರಯವಾದುವು. ಅದೇ ವರ್ಷ ಫ್ರೆಂಚ್ ವೈದ್ಯನಾದ ಸೀಮಾಂ, ರೋಗವನ್ನು ಇಲಿಯಿಂದ ಮನುಷ್ಯನಿಗೆ ಒಯ್ಯುವುದು ಇಲಿಯ ಮೈಮೇಲಿನ ಚಿಗಟವೆಂದು ಕಂಡುಹಿಡಿದನು. ಅಂದು ಮೃತ್ಯುವಿನ ದೂತನಾಗಿದ್ದ ಇಲಿಯ ಕುಲದ್ದೇ ಆದ ಚಿಟ್ಟಿಲಿಯು ನೂರು ವರ್ಷಗಳೊಳಗೆ ಮನುಷ್ಯನಿಗೆ ಮದ್ದನ್ನು ಸಿದ್ಧಪಡಿಸಿಕೊಡುವ ಕೆಲಸಕ್ಕೆ ನಿಂತಿತು. ಈ ಮಾರ್ಪಾಟು ಹೇಗಾಯಿತೆಂಬುದು ವಿಚಾರಯೋಗ್ಯವಾಗಿದೆ.

ಈ ಕಥೆಯಲ್ಲಿ ಮೊದಲು ಬರುವುದು ಕುದುರೆ. 1890ರಲ್ಲಿ ಬರ್ಲಿನ್ ನಗರದಲ್ಲಿ ಬೇರಿಂಗ್, ಕಿಟಾಸಾಟೊ ಎಂಬ ಪಂಡಿತರು, ಗಂಟಲಮಾರಿ ಧನುರ್ವಾಯುಗಳ ವಿಷವನ್ನು ತಡೆದುಕೊಂಡ ಪ್ರಾಣಿಯ ರಕ್ತದ ತಿಳಿಯು, ಎಂದರೆ ಸೀರಮ್, ಬೇರೊಂದು ಪ್ರಾಣಿಯನ್ನೂ ಕಾಪಾಡಬಲ್ಲದೆಂದು ತೋರಿಸಿದರು. ಆ ತಿಳಿಯಲ್ಲಿದ್ದು ವಿಷವನ್ನು ಹಿಡಿದು ನಿಲ್ಲಿಸುವ ವಸ್ತುವೇ ಪ್ರತಿಕಾಯ. 1896ರಲ್ಲಿ ಯೆರ್ಸಿನ್ ಎಂಬಾತನು ಕುದುರೆಯಿಂದ ಪಡೆದ ಪ್ಲೇಗಿನ ಸೀರಮನ್ನು ರೋಗಿಗಳಿಗೆ ಕೊಟ್ಟನು. ಮರುವರ್ಷ ಮುಂಬಯಿಯಲ್ಲಿ ಪ್ರಯೋಗಿಸಿದಾಗ ಎಣಿಸಿದಷ್ಟು ಫಲ ದೊರೆಯಲಿಲ್ಲ. ಅದಲ್ಲದೆ, ಕುದುರೆಯ ಪ್ರೋಟೀನನ್ನು ಮನುಷ್ಯದೇಹವು ತನ್ನದೆಂದು ಒಪ್ಪುವುದಿಲ್ಲ. ಹಾಗೆ ಒಪ್ಪದ ದೇಹದಲ್ಲಿ ಜ್ವರ, ದದ್ದು, ಕೀಲುನೋವುಗಳು ತಲೆದೋರುವುದನ್ನು ಪಿರ್ಕೆ ಮತ್ತು ಷಿಕ್ ಎಂಬ ವೈದ್ಯರು 1905ರಲ್ಲಿ ವಿವರಿಸಿದರು. ಮದ್ದು ಬೇಕು, ಆದರೆ ಮದ್ದು ಹುಟ್ಟಿದ ಮೈ ಪರಕೀಯ: ಮುಂದಿನ ಒಂದು ಶತಮಾನದ ಪ್ರಯತ್ನವೆಲ್ಲವೂ ಈ ತೊಡಕಿನ ಸುತ್ತಲೇ ನಡೆಯಿತು.

1975ರಲ್ಲಿ ಕೇಂಬ್ರಿಜ್ಜಿನಲ್ಲಿ ಕೋಲರ್, ಮಿಲ್‌ಸ್ಟೈನ್ ಎಂಬವರು ಚಿಟ್ಟಿಲಿಯ ಪ್ರತಿಕಾಯ ಹುಟ್ಟಿಸುವ ಜೀವಕೋಶವನ್ನು ಸಾವಿಲ್ಲದೆ ಬೆಳೆಯುವ ಅರ್ಬುದಕೋಶದೊಡನೆ ಬೆಸೆದರು. ಇದರಿಂದ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಪಡೆಯುವುದು ಸಾಧ್ಯವಾಯಿತು. ಇಂಥ ಮೊದಲನೆಯ ಔಷಧಕ್ಕೆ ಅಮೆರಿಕದಲ್ಲಿ 1986ರಲ್ಲಿ ಅನುಮತಿ ದೊರೆಯಿತು. ಆದರೆ ಕುದುರೆಗೆ ಬಂದ ಆಕ್ಷೇಪವೇ ಇಲಿಗೂ ಬಂದಿತು. ರೋಗಿಯ ದೇಹವು ಇಲಿಯ ಪ್ರತಿಕಾಯದ ಮೇಲೆಯೇ ಪ್ರತಿಕಾಯಗಳನ್ನು ಹುಟ್ಟಿಸತೊಡಗಿತು.

ಹಾಗಾದರೆ ಮನುಷ್ಯನ ಪ್ರತಿಕಾಯವನ್ನೇ ಇಲಿಯ ಮೈಯಲ್ಲಿ ಹುಟ್ಟಿಸಬಾರದೇಕೆ? ಇದಕ್ಕೆ ದಾರಿ ತೋರಿದವನು ಜಪಾನಿನ ಟೊನೆಗಾವಾ. ಮನುಷ್ಯನಲ್ಲಿ ಪ್ರೋಟೀನುಗಳಿಗೆ ಕಾರಣವಾದ ವಂಶವಾಹಿಗಳು ಇಪ್ಪತ್ತು ಸಾವಿರದಷ್ಟು. ಪ್ರತಿಕಾಯಗಳ ಬಗೆಗಳಾದರೋ ಕೋಟ್ಯಂತರ. ಸ್ವಲ್ಪದರಿಂದ ಇಷ್ಟೊಂದು ಹುಟ್ಟುವುದೆಂತು? ಪ್ರತಿಕಾಯದ ವಂಶವಾಹಿಯು ಇಡಿಯಾಗಿರದೆ ತುಂಡು ತುಂಡಾಗಿದ್ದು, ಒಂದೊಂದು ಕೋಶದಲ್ಲಿ ಒಂದೊಂದು ಬಗೆಯಾಗಿ ಜೋಡಿಕೊಳ್ಳುತ್ತದೆಂದು ಆತನು 1976ರಲ್ಲಿ ತೋರಿಸಿದನು. ಛಂದಸ್ಸನ್ನು ಬಲ್ಲವರಿಗೆ ಇದು ಹೊಸತಲ್ಲ. ಲಘು ಗುರುಗಳೆಂಬ ಎರಡರಿಂದಲೇ ಪ್ರಸ್ತಾರಕ್ರಮದಲ್ಲಿ ಮೂರಕ್ಷರದ ಎಂಟು ಗಣಗಳು ದೊರೆಯುವುವಷ್ಟೆ. ಪ್ರತಿಕಾಯದ ಭಾರವಾದ ಸರಪಳಿಗೆ ಮನುಷ್ಯನಲ್ಲಿ ಮೂರು ಜಾತಿಯ ತುಂಡುಗಳಿವೆ: ಒಂದು ಜಾತಿಯವು ಸುಮಾರು 40, ಇನ್ನೊಂದರವು 20ಕ್ಕೂ ಹೆಚ್ಚು, ಮತ್ತೊಂದರವು 6. ಇವುಗಳ ಜೋಡಣೆಯಿಂದಲೇ ಸುಮಾರು ಐದು ಸಾವಿರ ಬಗೆಗಳಾಗುತ್ತವೆ. ಹಗುರವಾದ ಸರಪಳಿಯ ಬಗೆಗಳೂ, ಬೆಸುಗೆಯಲ್ಲಾಗುವ ವ್ಯತ್ಯಾಸಗಳೂ ಸೇರಿದರೆ ಎಣಿಕೆಯು ಕೈಮೀರುತ್ತದೆ.

1989ರಲ್ಲಿ ಮನುಷ್ಯನ ಇಂಥ ಕೆಲವು ತುಂಡುಗಳನ್ನು ಚಿಟ್ಟಿಲಿಯೊಳಗೆ ಸೇರಿಸಲಾಯಿತು. 1994ರಲ್ಲಿ ಎರಡು ತಂಡದವರು ಇಲಿಯ ಸ್ವಂತ ಪ್ರತಿಕಾಯದ ವಂಶವಾಹಿಗಳನ್ನು ಕೆಲಸಗೆಡಿಸಿ, ಆ ಸ್ಥಾನವನ್ನು ಮನುಷ್ಯನವಕ್ಕೆ ಕೊಟ್ಟರು. ಆದರೆ ಸೇರಿಸಿದ ತುಂಡುಗಳು ಸ್ವಲ್ಪವಾದ್ದರಿಂದ ಪ್ರಸ್ತಾರವೂ ಕಿರಿದಾಗಿತ್ತು. ಪದಸಂಪತ್ತಿಲ್ಲದ ಕವಿಯಂತೆ ಆ ಇಲಿಯು ಎಲ್ಲ ಶತ್ರುವಿಗೂ ತಕ್ಕ ಉತ್ತರವನ್ನು ಕೊಡಲಾರದು. ಆದಕಾರಣ ಹೆಚ್ಚು ಹೆಚ್ಚು ತುಂಡುಗಳನ್ನು ಸೇರಿಸುವ ಯತ್ನ ನಡೆಯಿತು. 2014ರಲ್ಲಿ ಪ್ರಕಟವಾದ ಒಂದು ಕಾರ್ಯದಲ್ಲಿ, ಶತ್ರುವನ್ನು ಹಿಡಿಯುವ ಭಾಗದ ವಂಶವಾಹಿಗಳನ್ನೆಲ್ಲ ಮನುಷ್ಯನವನ್ನಾಗಿ ಮಾರ್ಪಡಿಸಿ, ಬುಡದ ಭಾಗವನ್ನು ಮಾತ್ರ ಇಲಿಯದಾಗಿಯೇ ಉಳಿಸಿದರು. ಬುಡವು ತನ್ನದಾಗಿದ್ದರೆ ಇಲಿಯ ಕೋಶವು ಅದರೊಡನೆ ಸರಾಗವಾಗಿ ವ್ಯವಹರಿಸುತ್ತದೆ. ಔಷಧವನ್ನು ಮಾಡುವಾಗ ಆ ಬುಡವನ್ನೂ ಮನುಷ್ಯನದಕ್ಕೆ ಬದಲಾಯಿಸಬಹುದು.

ಈ ವಿದ್ಯೆಯ ಫಲವು ಬೆಂಗಳೂರಿಗೂ ಬಂದಿತು. 2006ರಲ್ಲಿ ಇಲ್ಲಿನ ಬಯೋಕಾನ್ ಸಂಸ್ಥೆಯು ತಲೆ ಕುತ್ತಿಗೆಗಳ ಅರ್ಬುದಕ್ಕಾಗಿ ನಿಮೊಟುಜುಮಾಬ್ ಎಂಬ ಪ್ರತಿಕಾಯವನ್ನು ಮಾರಾಟಕ್ಕೆ ತಂದಿತು. ಅದು ಕ್ಯೂಬಾದಲ್ಲಿ ರೂಪುಗೊಂಡ, ಇಲಿಯಿಂದ ಹುಟ್ಟಿ ಮಾನುಷಗೊಳಿಸಲ್ಪಟ್ಟ ಪ್ರತಿಕಾಯ. ಅದೇ ವರ್ಷ ಅಮೆರಿಕದಲ್ಲಿ, ಮನುಷ್ಯನ ವಂಶವಾಹಿಗಳನ್ನು ಹೊತ್ತ ಇಲಿಯಿಂದ ಬಂದ ಮೊದಲನೆಯ ಔಷಧವಾದ ಪ್ಯಾನಿಟುಮುಮಾಬ್ ಅನುಮತಿ ಪಡೆಯಿತು. 2021ರ ಮೇ ತಿಂಗಳಲ್ಲಿ, ಕೋವಿಡ್ ಮಾರಿಯ ನಡುವೆ, ಎರಡು ಪ್ರತಿಕಾಯಗಳ ಮಿಶ್ರಣವೊಂದು ಭಾರತಕ್ಕೆ ಬಂದಿತು. ಎರಡರಲ್ಲಿ ಒಂದು ಇಂಥ ಇಲಿಯ ಕೊಡುಗೆ. ಒಬ್ಬ ರೋಗಿಯ ಪ್ರಮಾಣಕ್ಕೆ ಬೆಲೆ 59,750 ರೂಪಾಯಿ. ಒಂದು ವರ್ಷ ತುಂಬುವುದರೊಳಗೆ ಓಮಿಕ್ರಾನ್ ಎಂಬ ವೈರಸ್ಸಿನ ರೂಪಾಂತರದೆದುರು ಆ ಮಿಶ್ರಣವು ನಿಷ್ಫಲವಾಯಿತು. ಶತ್ರುವು ವೇಷ ಬದಲಿಸುವವರೆಗೂ ಪ್ರತಿಕಾಯಗಳ ವೈವಿಧ್ಯವು ವಿಲಾಸವಲ್ಲ, ಅವಶ್ಯಕತೆ.

ಇಷ್ಟಾದರೂ ಕುದುರೆಗೆ ಬಿಡುವು ದೊರೆತಿಲ್ಲ. ಹೊಲದಲ್ಲಿ ನಾಗರಹಾವೋ ಕೊಳಕುಮಂಡಲವೋ ಕಚ್ಚಿದ ರೈತನಿಗೆ ಇಂದಿಗೂ ಸಿಗುವುದು ಕುದುರೆಯ ಸೀರಮ್ಮೇ. ಭಾರತದಲ್ಲಿ 2000ದಿಂದ 2019ರ ವರೆಗೆ ಹಾವಿನ ಕಡಿತದಿಂದ ಸುಮಾರು 12 ಲಕ್ಷ ಜನರು ಸತ್ತರೆಂದು ಅಂದಾಜಾಗಿದೆ. ಸಂಪಿಗೆ ರಸ್ತೆಯಿಂದ ಉತ್ತರಕ್ಕೆ ಅನತಿದೂರದಲ್ಲಿ, ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯವರು, ಅಮೆರಿಕ ಇಂಗ್ಲೆಂಡುಗಳ ವಿದ್ವಾಂಸರೊಡನೆ ಸೇರಿ, 2024ರಲ್ಲಿ ಒಂದು ಮಾನವ ಪ್ರತಿಕಾಯವನ್ನು ಪ್ರಕಟಿಸಿದರು. ಇದು ಇಲಿಯಿಂದ ಬಂದುದಲ್ಲ. ಪ್ರಯೋಗಶಾಲೆಯಲ್ಲಿ ಕೂಡಿಟ್ಟ ಶತಕೋಟಿಗಟ್ಟಲೆ ಪ್ರತಿಕಾಯಗಳ ರಾಶಿಯಿಂದ ಆರಿಸಿದ್ದು. ನಾಗ, ಕಟ್ಟುಹಾವು, ಆಫ್ರಿಕದ ಮಾಂಬಾ ಮೊದಲಾದವುಗಳ ಒಂದು ಬಗೆಯ ನರವಿಷವನ್ನು ಅದು ತಡೆಯುವುದೆಂದು ಸಿದ್ಧಪಟ್ಟಿತು. ಆ ಪರೀಕ್ಷೆಗೆ ಮೈಯೊಡ್ಡಿದುದು ಮತ್ತೆ ಚಿಟ್ಟಿಲಿಯೇ. ಮಂಡಲದ ಹಾವುಗಳ ವಿಷಕ್ಕೆ ಅದು ಮದ್ದಲ್ಲ. ಆಸ್ಪತ್ರೆಗೆ ಬರಲು ಅದಕ್ಕೆ ಇನ್ನೂ ದಾರಿಯುಂಟು.

ಬೆಟ್ಟ ಅಗೆದು ಇಲಿ ಹಿಡಿದರೆಂದು ನಮ್ಮ ಗಾದೆ ಹಾಸ್ಯಮಾಡುತ್ತದೆ. ಇಲ್ಲಿಯಾದರೋ ವಿದ್ಯೆಯ ಬೆಟ್ಟವನ್ನು ಅಗೆದು ಹಿಡಿದ ಇಲಿಯು ಬೆಟ್ಟಕ್ಕಿಂತ ಹಿರಿದಾಯಿತು. ಆದರೆ ಆ ಇಲಿಯ ಮದ್ದು ಐವತ್ತು ಅರವತ್ತು ಸಾವಿರ ತೆರಬಲ್ಲವನ ಮನೆಯ ಬಾಗಿಲಲ್ಲಿಯೇ ನಿಂತು, ಹೊಲದ ಬದುವಿನಲ್ಲಿ ಬಿದ್ದವನನ್ನು ಮುಟ್ಟದಿದ್ದರೆ ಅಗೆದ ಶ್ರಮವು ಪೂರ್ಣವಾಯಿತೆನ್ನಲಾಗದು.